ಗುಲಾಬಿ ಶರಬತ್ತಿನ ಸಾವಿಗೆ ಬಂದ ಹೂವಿನ ಹಲಗೆಗಳು

1

ಕತೆಯನ್ನು ಎಲ್ಲಿಂದ ಶುರುಮಾಡಲಿ ಎಂಬುದು ಸಾಮಾನ್ಯ ಕತೆಗಾರರ ಸಂಕಟ. ನಾನು ಎಲ್ಲಿಂದ ಶುರುಮಾಡಿದರೂ ಓದುಗರು ಎದೆ ಹಿಡಿದುಕೊಂಡು ಕೂರುತ್ತಾರೆ. ಅವರಿಗೇನಾದರೂ ಆದರೆ ಯಾರು ಹೊಣೆ ಎಂಬುದು ನನ್ನ ಸಂಕಟ. ಆದ್ದರಿಂದ ಮೆಲ್ಲಗೆ ಹೇಳುತ್ತೇನೆ. ನಾನು ಬರೆದ ನಾಲ್ಕು ಸಾಲು ಓದಿ ಒಂದು ಸೋಮವಾರ ಇಡೀ ಸುರಬಾಯ ನಗರ ಅತ್ತಿತು. ಕಣ್ಣೀರಿಗೆ ಕಾಲಿಮಾಸ್ ನದಿ ದಡ ಮೀರಿತು. ಬಂದರಿಗೆ ಹೋಗಬೇಕಿದ್ದ ಹಡಗುಗಳು ನಮ್ಮ ಆಫೀಸಿನ ಮೆಟ್ಟಿಲಿಗೆ ಬಂದು ಲಂಗರು ಹಾಕಿದವು. ಆಚೆ ದಡದ ಮದುರಾದಲ್ಲಿ ಉಪ್ಪು ತೆಗೆಯುವವರು, ಉಪ್ಪು ತಾನಾಗಿಯೇ ಹರಿದು ಬರುತ್ತಿದೆಯಲ್ಲ ಎಂದು ಗದ್ದೆ ಬಿಟ್ಟು ಮಲಗಿದರು.

"ಮಾಸ್ ಜೋ, ಆ ಹಡಗು ಅಳಿಸಿ," ಎಂದಳು ಎಂಡಾ.

(ಎಂಡಾ ಈ ಕತೆಯ ಪಾತ್ರ. ನನ್ನ ಪಕ್ಕದ ಮೇಜಿನವಳೂ ಹೌದು. 'ಮಾಸ್' ಎಂಬುದು ನಮ್ಮಲ್ಲಿ ಗಂಡಸರನ್ನು ಗೌರವದಿಂದ ಕರೆಯುವ ಮಾತು. ಪಾತ್ರವನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರೂ ಕತೆ ಬರೆಯಬೇಡಿ.)

"ಯಾಕೆ? ಚೆನ್ನಾಗಿದೆಯಲ್ಲ."

"ನಮ್ಮ ಆಫೀಸಿಗೆ ಮೆಟ್ಟಿಲೇ ಇಲ್ಲ."

ಹಡಗು ಇರಲಿ. ಮೆಟ್ಟಿಲು ಬೇಕಾದರೆ ಕಟ್ಟಿಸೋಣ.

2

ಎಂಡಾ ಹೇಳುವುದು, ಬೋರ್ಡಿನಿಂದ ಶುರುಮಾಡಿ ಎಂದು. ಕತೆಯೊಂದು ಆಫೀಸಿನ ಕೆಲಸದ ಬೋರ್ಡಿನಿಂದ ಶುರುವಾಗುವುದೇ? ಓದುಗ ಮಹಾಶಯರು ಪುಟ ತಿರುವಿಬಿಡುತ್ತಾರೆ. (ತಿರುವಬೇಡಿ. ಮುಂದೆ ಸಾವಿದೆ.)

ನಮ್ಮದು ಜೋಡಿ ಗಿಳಿ ಮಾರ್ಕಿನ ಶರಬತ್ತಿನ ಕಂಪನಿ. ನಾನು ಪ್ರಾಸೋಜೋ, ಜಾಹೀರಾತಿನ ಸಾಲು ಬರೆಯುವವನು. ಮಾರ್ಕೆಟಿಂಗ್ ವಿಭಾಗ ಏಷ್ಯಾದಲ್ಲೇ ದೊಡ್ಡದು. ನಾಲ್ಕು ಜನ ಇದ್ದೇವೆ. ಮೊದಲು ನಮ್ಮ ಗೋಡೆಯ ಮೇಲೆ ಅಂಟುಚೀಟಿಗಳ ಬೋರ್ಡಿತ್ತು. ಎಡದಿಂದ ಬಲಕ್ಕೆ ಕಾಲಂಗಳು: 'ಯೋಚಿಸೋಣ', 'ಮಾಡಬೇಕು', 'ನಡೀತಿದೆ', 'ಮುಗೀತು'. ಕೆಲಸ ಮುಂದೆ ಹೋದ ಹಾಗೆ ಚೀಟಿಯೂ ಮುಂದೆ ಹೋಗಬೇಕು.

ನಮ್ಮ ಚೀಟಿಗಳಿಗೆ ಇನ್ನೊಂದು ಪ್ರಯಾಣವೂ ಇತ್ತು. ಮಾಲಕಿ ಬು ರತ್ಮಿನಿಯವರ (ಬು ಎಂದರೆ ಅಮ್ಮಾವ್ರು) ಕಾರು ಗೇಟಿಗೆ ಬಂದಿತೆಂದರೆ, ಎಲ್ಲರೂ ಎದ್ದು ಸಿಕ್ಕಿದ ಚೀಟಿಯನ್ನೆಲ್ಲ ಕಿತ್ತು 'ಮುಗೀತು' ಕೆಳಗೆ ಅಂಟಿಸುತ್ತಿದ್ದೆವು. ಮುಗಿಯದ ಕೆಲಸವನ್ನು ಅವರ ಕಣ್ಣೆದುರು ನೇತುಹಾಕುವುದು ಹಿರಿಯರ ಮುಂದೆ ಕಾಲು ಚಾಚಿದ ಹಾಗೆ. ಅವರು ನೋಡಿ, ಮುಗುಳ್ನಕ್ಕು, ಹೋಗುತ್ತಿದ್ದರು. ಕಾರು ತಿರುವು ದಾಟಿದ ಮೇಲೆ ಚೀಟಿಗಳು ತಮ್ಮ ತಮ್ಮ ಮನೆಗೆ ಮರಳುತ್ತಿದ್ದವು. ಬು ಅವರಿಗೂ ಇದು ಗೊತ್ತಿತ್ತು ಎಂದೇ ನನ್ನ ಗುಮಾನಿ. ಗೊತ್ತಿದೆ ಎಂದು ತೋರಿಸಿಕೊಳ್ಳದಿರುವುದು ಅವರ ಪಾಲಿನ ಮರ್ಯಾದೆ.

ಎಂಡಾಗೆ ಈ ಗೋಡೆ ಸಾಕಾಗಿತ್ತು. ಟಿವಿ ಪರದೆಯ ಮೇಲೆ ಕಾಣುವ ಹೊಸ ಬೋರ್ಡು ತರಿಸಲು ಬು ಅವರ ಹಿಂದೆ ಬಿದ್ದಳು.

"ಯಾರ ಕೈಯಲ್ಲಿ ಏನಿದೆ, ಯಾವುದು ಎಲ್ಲಿ ಸಿಕ್ಕಾಕೊಂಡಿದೆ ಅಂತ ಎಲ್ರಿಗೂ ಕಾಣತ್ತೆ, ಬು. ಚೀಟಿನ 'ಮುಗೀತು' ಕಾಲಂಗೆ ಎಳೆದ್ರೆ ಸಾಕು, ಅದರಲ್ಲಿ ಬರೆದಿದ್ದು ತಾನೇ ಹೋಗಿ ನಮ್ಮ ಕಂಪನಿ ಪುಟದ ಮೇಲೆ ಕೂರತ್ತೆ."

"ಎಡವಟ್ಟಾದ್ರೆ?"

"ನನ್ನನ್ನ ಮನೆಗೆ ಕಳಿಸಿಬಿಡಿ."

ಎಂಡಾ ಬಾಟಲಿ ತುಂಬುವ ಷೆಡ್ಡಿನಿಂದ ಮೇಜಿಗೆ ಬಂದ ಮೊದಲನೆಯವಳು. ಅವಳಮ್ಮ ಈಗಲೂ ಹಿಂದಿನ ಷೆಡ್ಡಿನಲ್ಲಿ ಮುಚ್ಚಳ ಬಿಗಿಯುತ್ತಾರೆ. ಅಂಥವಳು ಆಡಿದ ಮಾತು ಅದು.

3

ಬು ಅವರ ಸೋದರಳಿಯನೊಬ್ಬ ಸಿಂಗಪುರದಲ್ಲಿ ಓದಿ ಬಂದವನು. ಗುಲಾಬಿ ಶರಬತ್ತು ನಿಲ್ಲಿಸಿಬಿಡೋಣ, ಈಗ ಅದನ್ನು ಯಾರು ಕುಡಿಯುತ್ತಾರೆ ಎಂದು ನಮ್ಮ ಬಳಿ ಬಾಯಿಬಿಟ್ಟಿದ್ದ. ಅತ್ತೆಯ ಬಳಿ ಬಿಟ್ಟಿರಲಿಲ್ಲ. "ಅಕಸ್ಮಾತ್ ನಿಲ್ಲಿಸಿದ್ರೆ ಏನು ಹೇಳೋದು, ಒಂದು ಬರೆದಿಟ್ಟಿರಿ ಮಾಸ್" ಎಂದ. ನನಗೆ ಬರೆ ಎಂದರೆ ಸಾಕು. ಬರೆದೆ:

'ನಿಮ್ಮಜ್ಜಿಯ ಕಾಲದಿಂದ ನಿಮ್ಮ ನಾಲಿಗೆ ಕೆಂಪು ಮಾಡಿದ ಗುಲಾಬಿ ಇಂದು ಕಣ್ಣು ಮುಚ್ಚಿದಳು. ಗ್ಲಾಸುಗಳೇ, ತಲೆ ತಗ್ಗಿಸಿ. ಚಮಚಗಳೇ, ಸದ್ದು ಮಾಡಬೇಡಿ. ಮಂಜುಗಡ್ಡೆಯೇ, ನೀನು ಮಾತ್ರ ಕರಗು.'

ಚೀಟಿ 'ಯೋಚಿಸೋಣ' ಕಾಲಂನಲ್ಲಿ ಕೂತಿತು. ಹೊಸ ಬೋರ್ಡು ಬಂದ ಮೇಲೆ ಬು ಮೊದಲ ಸಲ ಬಂದದ್ದು ಆ ಸೋಮವಾರ. ಗೇಟಿನವನು ಫೋನು ಮಾಡಿ "ಬು ಬಂದ್ರು" ಎಂದ. ಎಂಡಾಳ ಕೈ, ಆ ಕೈ ಮೊದಲಿನಿಂದ ಏನು ಮಾಡುತ್ತ ಬಂದಿತ್ತೋ ಅದನ್ನೇ ಮಾಡಿತು. ಪರದೆಯ ಮೇಲಿದ್ದ ಚೀಟಿಯನ್ನೆಲ್ಲ ಒಟ್ಟಿಗೆ ಆರಿಸಿ 'ಮುಗೀತು' ಕಡೆಗೆ ಎಳೆದು ಬಿಟ್ಟಿತು.

ಬು ಪರದೆ ನೋಡಿದರು. "ಎಲ್ಲಾ ಮುಗಿಸಿದೀರಿ. ಒಳ್ಳೇದು," ಎಂದು ಕೂತು, ತಂದಿದ್ದ ರುಜಾಕ್ ಪೊಟ್ಟಣ ಬಿಚ್ಚಿ, ಕಡಲೆಕಾಯಿ ಚಟ್ನಿಯಲ್ಲಿ ಮಾವಿನಕಾಯಿ ಹೋಳು ಹೊರಳಿಸುತ್ತಿದ್ದರು. ಅವರ ಫೋನು ಗುಂಯ್ ಎಂದಿತು. ಓದಿದರು. ಹೋಳು ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

"ಗುಲಾಬಿ ಯಾವಾಗ ಸತ್ತಿತು?" ಎಂದರು.

ಎಂಡಾ ಟಿವಿಯ ಕಡೆ ತಿರುಗಿದಳು. ಮುಖದಿಂದ ರಕ್ತ ಇಳಿದು ಹೋಗುವುದು ಎಂದು ನಾನು ಎಷ್ಟೋ ಸಲ ಬರೆದಿದ್ದೇನೆ, ನೋಡಿದ್ದು ಆಗಲೇ. ಅವಳ ತುಟಿ ಕಾಗದದ ಬಣ್ಣಕ್ಕೆ ಬಂದಿತ್ತು.

"ಅಪ್ಪ ಹಾಸಿಗೆ ಹಿಡಿದಾಗಲೂ ಅದನ್ನೇ ಒಂದು ಚಮಚ ಕೇಳ್ತಿದ್ರು," ಎಂದರು ಬು. ದನಿ ಒಂದಿಷ್ಟೂ ಏರಲಿಲ್ಲ. "ಸಾಯಿಸೋ ಮುಂಚೆ ನನಗೊಂದು ಮಾತು ಹೇಳಬಹುದಿತ್ತು. ಯಾರ ಕೈ ಇದು?"

3 (ಮತ್ತೊಮ್ಮೆ)

ಆಗ ನಾನು ಸಿಂಹದಂತೆ ಎದ್ದೆ. ಕುರ್ಚಿ ಗೋಡೆಗೆ ಬಡಿದು ನುಚ್ಚುನೂರಾಯಿತು. "ಈ ಕೈ, ಬು. ಕಡಿಯಿರಿ" ಎಂದು ಎರಡೂ ಕೈ ಮೇಜಿನ ಮೇಲಿಟ್ಟೆ.

"ನೀವು ಮೇಜಿನ ಕೆಳಗಿದ್ರಿ," ಎಂದಳು ಎಂಡಾ, ಇದನ್ನು ಓದಿ.

"ಪೆನ್ನು ಬಿದ್ದಿತ್ತು."

"ನಮ್ಮಲ್ಲಿ ಯಾರು ಪೆನ್ನಲ್ಲಿ ಬರೀತಾರೆ ಮಾಸ್?"

ಸರಿ, ಸಿಂಹವನ್ನು ತೆಗೆದೆ. ನಡೆದದ್ದು: "ನಾನು, ಬು," ಎಂದವಳು ಎಂಡಾ. ಬು ರುಜಾಕ್ ಪೊಟ್ಟಣವನ್ನು ಮತ್ತೆ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ ಎದ್ದರು. "ನಾಳೆ ಮಧ್ಯಾಹ್ನ ಬರ್ತೀನಿ. ಅಷ್ಟರಲ್ಲಿ ನಿನ್ನ ಮೇಜು ಖಾಲಿ ಇರಲಿ." ಸುದ್ದಿ ನಮಗಿಂತ ಮುಂಚೆ ಷೆಡ್ಡಿಗೆ ಹೋಗಿತ್ತು. ಮುಚ್ಚಳ ಬಿಗಿಯುವ ಯಂತ್ರದ ಟಕ್ ಟಕ್ ನಿಂತಿತು.

5

(ನಾಲ್ಕನೆಯ ಭಾಗದಲ್ಲಿ ಎಂಡಾ ಅಳಬೇಕಿತ್ತು. ಅವಳು ಒಪ್ಪಲಿಲ್ಲ. "ಅತ್ತಿದ್ದು ನಿಜ, ಆದ್ರೆ ಅದು ನಿಮ್ಮ ಕತೆಗಲ್ಲ" ಎಂದಳು.)

ನಮ್ಮೂರಿನಲ್ಲಿ ಮದುವೆಯಾದರೂ ಸತ್ತರೂ ಅಂಗಡಿ ತೆರೆದರೂ ಬಾಗಿಲ ಮುಂದೆ ಹೂವಿನ ಹಲಗೆ ಬರುತ್ತದೆ. ಮಂಚದಷ್ಟು ದೊಡ್ಡ ಹಲಗೆ, ಸುತ್ತ ಹೂವು, ನಡುವೆ ಅಕ್ಷರ. ಸತ್ತವರ ಹೆಸರಿಗಿಂತ ಕಳಿಸಿದವರ ಹೆಸರು ಒಂದು ಕೈ ದಪ್ಪಗಿರುತ್ತದೆ. ಮರುದಿನ ನಮ್ಮ ಗೇಟಿನ ಮುಂದೆ ಗುಲಾಬಿ ಶರಬತ್ತಿಗಾಗಿ ಸಾವಿರಾರು ಹಲಗೆಗಳು ನಿಂತಿದ್ದವು. ಸಾಲು ವಿಮಾನ ನಿಲ್ದಾಣ ಮುಟ್ಟಿತು. ಪೈಲಟ್‌ಗಳು ರನ್‌ವೇ ಎಂದುಕೊಂಡು ಅದರ ಮೇಲೇ ಇಳಿದರು. ಒಂದರ ಮೇಲೆ: 'ತಾಯೇ, ನೀನಿಲ್ಲದ ಸಂಜೆಗೆ ಸೂರ್ಯನೂ ಮುಳುಗಲಾರೆ ಎನ್ನುತ್ತಿದ್ದಾನೆ. ಜಾವಾ ಸಮುದ್ರ ತೀರದ ಸಮಸ್ತ ಬಾಯಾರಿದವರ ಸಂಘ.' ಇನ್ನೊಂದರ ಮೇಲೆ: 'ನಮ್ಮ ಗಂಟಲುಗಳು ಇನ್ನು ವಿಧವೆಯರು. ಗುಲಾಬಿಯ ಅನಾಥ ಮಕ್ಕಳು, ಪೂರ್ವ ಜಾವಾ ಮತ್ತು ನೆರೆಯ ಗ್ರಹಗಳು.'

ಬು ಕಾರು ಗೇಟಿನ ಹೊರಗೇ ನಿಲ್ಲಿಸಿ ಇಳಿದರು. ಬಾಯಿಯ ಮೇಲೆ ಕೈ. ಒಂದೊಂದನ್ನೂ ಓದಿದರು, ಕೊನೆಯದರ ಮುಂದೆ ತುಂಬ ಹೊತ್ತು ನಿಂತರು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಇಷ್ಟು ಜನಕ್ಕೆ ನೆನಪಿದೆಯಾ ಅದು?" ಎಂದರು, ಯಾರನ್ನೂ ನೋಡದೆ. ಆಮೇಲೆ ನನ್ನ ಕಡೆ ತಿರುಗಿ, "ಎಂಡಾ ಮೇಜು ಖಾಲಿ ಮಾಡಿದಾಳಾ?"

"ಮಾಡಿದಾಳೆ ಬು."

"ಮತ್ತೆ ತುಂಬಿಸೋಕೆ ಹೇಳಿ. ಗುಲಾಬಿ ನಿಲ್ಲಲ್ಲ."

ಕತೆ ಇಲ್ಲಿ ಮುಗಿಯಿತು ಎಂದು ಚೀಟಿಯನ್ನು ಕೊನೆಯ ಕಾಲಂಗೆ ಎಳೆಯಬಹುದಿತ್ತು. ಬೇಕೆಂದವರು ಎಳೆದುಕೊಳ್ಳಿ. ಇನ್ನೊಂದು ಮುಕ್ತಾಯದಲ್ಲಿ ಸೋದರಳಿಯ ಬಾಟಲಿ ತೊಳೆಯುತ್ತಾನೆ. ಮತ್ತೊಂದರಲ್ಲಿ ಎಂಡಾ ನನ್ನನ್ನು ಮದುವೆಯಾಗುತ್ತಾಳೆ. (ಇದನ್ನು ಅವಳು ಎರಡು ಸಲ ಅಳಿಸಿದಳು.)

ಆದರೆ ಬು ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ್ದರು: "ಹಲಗೆ ಕಳಿಸಿದೋರನ್ನೆಲ್ಲಾ ರಂಜಾನ್ ಉಪವಾಸದ ತಿಂಗಳಲ್ಲಿ ಒಂದು ಸಂಜೆ ಊಟಕ್ಕೆ ಕರೀಬೇಕು. ಎಂಡಾ, ಒಂದು ಚೀಟಿ ಹಾಕು."

ಹಾಕಿದಳು. ಆ ಚೀಟಿ 'ನಡೀತಿದೆ'ಯಲ್ಲಿ ಕೂತಿದ್ದು ಅಲ್ಲಿಂದ ಏಳಲೇ ಇಲ್ಲ.

6

ಇವತ್ತು ಬೆಳಿಗ್ಗೆ ಎಂಡಾ ಹೂವಿನ ಹಲಗೆ ಮಾಡುವ ಚಾಕ್ ಮುಕ್ರಿಯ ಅಂಗಡಿಗೆ, ಕಳಿಸಿದವರ ವಿಳಾಸ ಕೇಳಲು ಹೋಗಿದ್ದಳು. ವಾಪಸು ಬಂದವಳು ಹೆಲ್ಮೆಟ್ ತೆಗೆಯದೆ ನನ್ನ ಎದುರು ಕೂತಳು.

"ಬಾಯಾರಿದವರ ಸಂಘಕ್ಕೆ ಅಧ್ಯಕ್ಷರು ಯಾರು ಮಾಸ್? ಅವರ ಪಕ್ಕದಲ್ಲಿ ಕೂತು ಊಟ ಮಾಡ್ಬೇಕಂತೆ ಬು ಅವರಿಗೆ."

"ಯಾರೋ ದೊಡ್ಡ ಮನುಷ್ಯರಿರಬೇಕು."

"ಅಷ್ಟೇನೂ ದೊಡ್ಡೋರಲ್ಲ. ಅಕ್ಷರ ಇನ್ನೂ ದಪ್ಪ ಮಾಡು, ಇನ್ನೂ ದಪ್ಪ ಮಾಡು ಅಂತ ಚಾಕ್ ಮುಕ್ರಿಯ ತಲೆ ತಿಂದ್ರಂತೆ. ಅನಾಥ ಮಕ್ಕಳ ಹಲಗೆಗೂ ಅವರೇ ನಿಂತಿದ್ರಂತೆ."

ನಾನು ಪರದೆ ನೋಡಿದೆ. ಓದುಗರೇ, ಬೇಕಿದ್ದರೆ ಇಲ್ಲೊಂದು ಹಡಗು ತರಬಲ್ಲೆ. ಆದರೆ ಅವಳು ರೆಪ್ಪೆ ಅಲುಗಿಸದೆ ನೋಡುತ್ತಿದ್ದಳು.

ಸರಿ. ನನ್ನ ನಾಲ್ಕು ಸಾಲು ಓದಿ ಯಾರೂ ಅಳಲಿಲ್ಲ. ಸೋಮವಾರ ಸಂಜೆಯವರೆಗೂ ಪುಟವನ್ನು ನೋಡುತ್ತ ಕೂತಿದ್ದೆ. ಒಂದೇ ಒಂದು ಅಳುಮುಖ ಬಿದ್ದಿತ್ತು, ಮಲಾಂಗಿನಲ್ಲಿರುವ ಬು ಅವರ ಅಕ್ಕನದು. ಒಂದು ಊರಿಗೆ ಊರೇ ಕುಡಿದು ಬೆಳೆದ ಶರಬತ್ತು ಸತ್ತಿತು ಎಂದರೂ ಯಾರೂ ತಿರುಗಿ ನೋಡಲಿಲ್ಲ. ಆವತ್ತಿನ ಎಲ್ಲ ಆಘಾತಕ್ಕಿಂತ ನನಗೆ ದೊಡ್ಡದೆನಿಸಿದ್ದು ಅದು. ಬು ಅದನ್ನು ನೋಡಿದರೆ ಎಂಡಾಳ ಜೊತೆ ಗುಲಾಬಿಯೂ ಹೋಗುತ್ತಿತ್ತು. ಎದ್ದು ಚಾಕ್ ಮುಕ್ರಿಯ ಅಂಗಡಿಗೆ ನಡೆದೆ. ಸಾವಿರಾರು ಹಲಗೆಯಲ್ಲ. ಮೂರು.

"ಮೂರೂ ನೀವೇ?"

"ಎರಡು. ಕೊನೇದು ನನ್ನದಲ್ಲ."

"ನಾನು ನಂಬಬೇಕಾ?"

"ಅದನ್ನ ಓದಿದೀಯಲ್ಲ. ನಾನು ಅಷ್ಟು ಚಿಕ್ಕದಾಗಿ ಏನಾದರೂ ಬರೆದಿದ್ದು ನೋಡಿದೀಯಾ?"

ಅವಳು ಹೆಲ್ಮೆಟ್ ತೆಗೆದಳು. 'ನಿನ್ನನ್ನು ಮರೆತುಬಿಟ್ಟಿದ್ದೆವು. ಕ್ಷಮಿಸು.' ಅಷ್ಟೇ ಇತ್ತು ಅದರಲ್ಲಿ. ಕೆಳಗೆ ಕಳಿಸಿದವರ ಹೆಸರಿರಲಿಲ್ಲ.

"ಅದು ಚಾಕ್ ಮುಕ್ರಿ ಅಂಗಡಿದೂ ಅಲ್ವಂತೆ," ಎಂದಳು ಕೊನೆಗೆ. "ನೀನು ಕಳಿಸಿದ್ದಾ ಅಂತ ಅಮ್ಮನ್ನೂ ಕೇಳಿದೆ. ನಕ್ಕರು."

ಫೋನು ಹೊಡೆಯಿತು. "ಬು ಬಂದ್ರು," ಎಂದ ಗೇಟಿನವನು.

ಎಂಡಾಳ ಕೈ ಮೌಸಿನ ಮೇಲಿತ್ತು. ಊಟದ ಚೀಟಿ 'ನಡೀತಿದೆ'ಯಲ್ಲಿತ್ತು. ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಬು ಒಳಗೆ ಬಂದು ಪರದೆಯ ಮುಂದೆ ನಿಂತರು. ಆ ಆಫೀಸಿನಲ್ಲಿ ಮುಗಿಯದ ಕೆಲಸವೊಂದನ್ನು ಅವರು ನೋಡಿದ್ದು ಅದೇ ಮೊದಲು.

"ಇದ್ಯಾಕೆ ಇಲ್ಲೇ ನಿಂತಿದೆ?"

ಎಂಡಾ ಬಾಯಿ ತೆರೆದಳು. ಅವಳಿಗಿಂತ ಮುಂಚೆ ನಾನು ಎದ್ದೆ. (ಕುರ್ಚಿ ಎಲ್ಲಿಯೂ ಬಡಿಯಲಿಲ್ಲ. ಇದನ್ನು ಎಂಡಾ ಅಳಿಸಬೇಕಾಗಿಲ್ಲ.)

"ಕರೆಯೋಕೆ ಯಾರೂ ಇಲ್ಲ, ಬು. ಎರಡು ಹಲಗೆ ನಾನೇ ಬರೆಸಿದ್ದು. ಇವಳಿಗೆ ಗೊತ್ತಿರಲಿಲ್ಲ."

ಬು ಏನೆಂದರು ಎಂಬುದಕ್ಕೆ ನನ್ನ ಬಳಿ ಒಂದಕ್ಕಿಂತ ಒಂದು ಅದ್ಭುತವಾದ ಉತ್ತರಗಳಿವೆ. ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತರು ಎಂಬುದಷ್ಟು ನಿಜ, ಒಂದು ಪ್ರಶ್ನೆ ಕೇಳಿದರು ಎಂಬುದೂ ನಿಜ.

"ಇನ್ನೊಂದು ಯಾರದು?"

"ಗೊತ್ತಿಲ್ಲ, ಬು," ಎಂದೆ.