ಬಲಗಿವಿಯ ಜೀರುಂಡೆ

ಬೆಟ್ಟಗಳು ಇನ್ನೂ ಒಂದರೊಡನೊಂದು ಮಾತಾಡುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗಿಯಿದ್ದಳಂತೆ. ಹುಲ್ಲು ಮೊಳೆಯುವ ಸದ್ದೂ ಅವಳಿಗೆ ಕೇಳುತ್ತಿತ್ತಂತೆ. ಅಷ್ಟು ಸಾಲದೆ, ಒಂದು ದಿನ ಬಿರುಗಾಳಿಯ ಬಾಯಿಗೇ ಕಿವಿಯಿಟ್ಟಳಂತೆ. ಗಾಳಿ ಹೊರಡುವಾಗ ಅವಳ ಕಿವಿಯೊಳಗೆ ಒಂದು ಜೀರುಂಡೆಯನ್ನು ಬಿಟ್ಟುಹೋಯಿತಂತೆ.

ಉಮ್ಸುನಾಯ್ ಅಜ್ಜಿ ಕಥೆಯನ್ನು ಇಲ್ಲಿಗೆ ತಂದು ಹಿಟ್ಟು ನಾದಲು ಎದ್ದುಬಿಡುತ್ತಿದ್ದಳು. ಮುಂದೇನಾಯಿತು ಅಪಾ ಎಂದು ಮೊಮ್ಮಗಳು ಕನಿಷಾಯ್ ಅಜ್ಜಿಯ ಅಂಗಿಯ ಚುಂಗು ಹಿಡಿದೆಳೆದರೂ ಆಮೇಲೆ, ಆಮೇಲೆ ಅನ್ನುತ್ತಿದ್ದಳು.

ಈಗ ಆ ಜೀರುಂಡೆ ಕನಿಷಾಯ್‌ಳ ಬಲಗಿವಿಯಲ್ಲೇ ಕೂತಿತ್ತು. ಕೊಚ್ಕೋರ್ ಪೇಟೆಯ ಹೊಲಿಗೆ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಮಷಿನ್ನುಗಳು ನಿಂತ ಕೂಡಲೇ ಅದು ಶುರುವಾಗುತ್ತಿತ್ತು. ಸಣ್ಣಗೆ, ಬಿಡದೆ, ಸೂಜಿಯಂತೆ. ಅವಳು ಇಯರ್‌ಬಡ್ ಮತ್ತೆ ಕಿವಿಗೆ ತುರುಕಿ ಸದ್ದನ್ನು ಇನ್ನಷ್ಟು ಏರಿಸುತ್ತಿದ್ದಳು. ಆಗ ಜೀರುಂಡೆ ಮುಳುಗಿಹೋಗುತ್ತಿತ್ತು. ತೆಗೆದರೆ ಮೊದಲಿಗಿಂತ ಜೋರಾಗಿ ಎದ್ದು ಬರುತ್ತಿತ್ತು.

ಪಕ್ಕದ ಮಷಿನ್ನಿನ ರಹಾತ್ ನಗುತ್ತಿದ್ದಳು. "ಯಾರೋ ಹುಡುಗನ ದನಿ ಇರ್ಬೇಕು, ಕೂಗಿ ಕೂಗಿ ನನ್ನ ಗಂಟ್ಲು ಹರಿದ್ರೂ ತಿರುಗಲ್ಲ ಇವಳು. ಮದುವೆಗಾದ್ರೂ ಕರೀತೀಯೇನೇ?"

ಕನಿಷಾಯ್ ಕೇಳುತ್ತಿದ್ದದ್ದು ಕೊಶೋಕ್. ಸತ್ತವರ ಗುಡಾರದಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಹಾಡುವ ಶೋಕದ ಹಾಡು. ಆ ಕಣಿವೆಯಲ್ಲಿ ಅದನ್ನು ಉಮ್ಸುನಾಯ್‌ಳಂತೆ ಹಾಡುವವರು ಇನ್ನೊಬ್ಬರಿರಲಿಲ್ಲ. ಹಿಮ ಕರಗುವ ಹೊತ್ತಿಗೆ ಹಾಸಿಗೆ ಹಿಡಿದ ಅಜ್ಜಿ, ತಾಯಿಯಿಲ್ಲದೆ ತನ್ನ ಕೈಯಲ್ಲೇ ಬೆಳೆದ ಮೊಮ್ಮಗಳಿಂದ ಮಾತು ತೆಗೆದುಕೊಂಡಿದ್ದಳು: ಬೇರೆ ಊರಿನವಳನ್ನು ಕರೆಸಬೇಡ, ನನಗೆ ನೀನೇ ಹಾಡಬೇಕು, ನನ್ನ ಧಾಟಿಯಲ್ಲೇ.

ಆದರೆ ಕಲಿಸುವುದು ಹೇಗೆ? ಸಾವಾಗದ ಮನೆಯಲ್ಲಿ ಕೊಶೋಕ್ ಬಾಯಿಬಿಟ್ಟು ಹಾಡುವಂತಿಲ್ಲ. ಹಾಡಿದರೆ ಸಾವನ್ನು ಹೆಸರು ಹಿಡಿದು ಕರೆದಂತೆ. ಫೋನಿನಲ್ಲಿ ಹಾಕಿ ಮನೆಯೊಳಗೆ ಕೇಳಿಸುವುದೂ ಅಷ್ಟೇ. ಇದ್ದದ್ದು ನೆರೆಮನೆಯ ಸಾವಿನಲ್ಲಿ ಯಾರೋ ಹಿಡಿದಿಟ್ಟ ಒಂದೇ ಒಂದು ರೆಕಾರ್ಡಿಂಗ್. ಅದರಲ್ಲಿ ಅಜ್ಜಿಯ ದನಿಯ ಮೇಲೆ ಹೆಂಗಸರ ಅಳು, ಹೊರಗೆ ಕೋಲೂರಿ ನಿಂತ ಗಂಡಸರ ಗೋಳು. ಪದಗಳು ಸಿಗಬೇಕಾದರೆ ಸದ್ದು ಪೂರ್ತಿ ಏರಿಸಬೇಕು. ಕಾರ್ಖಾನೆಯ ಗದ್ದಲದಲ್ಲಿ, ಕುಲುಕುವ ವ್ಯಾನಿನಲ್ಲಿ, ಕೊನೆಗೆ ದಿಂಬಿನ ಮೇಲೂ ಅವಳು ಅದನ್ನೇ ಕಿವಿಯೊಳಗೆ ಸುರಿದುಕೊಂಡಳು.

ಪೇಟೆಯ ಆಸ್ಪತ್ರೆಯ ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಗದ್ದಲ ಮುಳುಗಿಸೋಕೆ ಗದ್ದಲ ಹಾಕ್ತಿದ್ದೀಯಲ್ಲ ತಂಗಿ, ಅಲ್ಲೇ ಎಡವಿದ್ದು ನೀನು."

ಮೊದಲೇ ಬಂದಿದ್ದರೆ ಹೇಳುತ್ತಿದ್ದೆ ಎಂದಳು. ಸದ್ದು ಅರ್ಧಕ್ಕಿಂತ ಮೇಲೆ ಹೋಗಬಾರದು, ಮಷಿನ್ನಿನ ಪಕ್ಕ ಕೂತು ಕೇಳಲೇಬಾರದು, ಆಗಾಗ ತೆಗೆದಿಟ್ಟು ಕಿವಿಗೆ ಬಿಡುವು ಕೊಡಬೇಕು, ಹಾಕಿಕೊಂಡು ಮಲಗಬಾರದು. ಈಗ ಕೆಲವು ವಾರ ಮುಟ್ಟಲೇಬೇಡ. ಕೇಳಲೇಬೇಕಾದರೆ ಶಾಂತವಾದ ಕೋಣೆಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳು. ಈ ಮೊರೆತ ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು.

ಕೋಣೆ ಇತ್ತು, ಮೇಜೂ ಇತ್ತು, ಆದರೆ ಆ ಮನೆಯಲ್ಲಿ ಕೊಶೋಕ್ ಕೇಳಿಸುವಂತಿರಲಿಲ್ಲ. ಅಜ್ಜಿಯ ಬಳಿ ಅಷ್ಟು ವಾರಗಳಿರಲಿಲ್ಲ. ಕನಿಷಾಯ್ ತಲೆಯಾಡಿಸಿ ಎದ್ದು ಬಂದಳು.

ಅಂದು ಸಂಜೆ ಕುರಿದೊಡ್ಡಿಯ ಆಚೆ ಹೋಗಿ ಹಾಡಿ ನೋಡಿದಳು. ಧಾಟಿ ಎರಡು ಹೆಜ್ಜೆ ನಡೆದು ಜಾರುತ್ತಿತ್ತು. ಕಿವಿಯೊಳಗಿನ ಕೂಗು ಅದನ್ನು ತನ್ನ ಎತ್ತರಕ್ಕೇ ಎಳೆದುಕೊಳ್ಳುತ್ತಿತ್ತು. ಅವಳು ಬೇಲಿಯ ಗೂಟಕ್ಕೆ ಹಣೆ ಚಚ್ಚಿಕೊಂಡಳು. ಕಿವಿಯನ್ನೇ ಕಿತ್ತೆಸೆಯಬೇಕು ಅನ್ನಿಸಿತು.

ಒಳಗೆ ಬಂದಾಗ ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಆಗಿನಿಂದ ಕರೆಯುತ್ತಿದ್ದೇನೆ, ಕೇಳಿಸಲಿಲ್ಲವೇ ಎಂದಳು. ಕನಿಷಾಯ್ ಹಾಸಿಗೆಯ ಪಕ್ಕ ಕುಸಿದು ಎಲ್ಲವನ್ನೂ ಹೇಳಿದಳು.

ಅಜ್ಜಿ ದಿಂಬಿಗೊರಗಿ ಎದ್ದು ಕೂತಳು. "ಕಿವಿಗೆ ತುರುಕೋ ಆ ಬಿಳಿ ಗುಂಡಿಗಳನ್ನ ಪೆಟ್ಟಿಗೇಲಿ ಹಾಕು. ಬಾಗಿಲು ಮುಚ್ಚು."

"ಬೇಡ ಅಪಾ. ಮನೇಲಿ ಹಾಡಬಾರದು ಅಂತ ನೀನೇ ಅಂದಿದ್ದು."

"ಹಾಡಿದ್ರೆ ಯಾರು ಬರ್ತಾರೆ? ಬಂದು ಹೊಸ್ತಿಲ ಮೇಲೆ ಕೂತಾಗಿದೆ ಅವನು. ಪಾಪ, ಅವನೂ ಒಂದಿಷ್ಟು ಕೇಳ್ಲಿ. ಬಾ ನನ್ನ ಕುದುರೆಮರಿ, ಕೈ ಕೊಡು ಇಲ್ಲಿ."

ಮೊಮ್ಮಗಳ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ಅಜ್ಜಿ ಹಾಡಿದಳು. ಒಲೆಯ ಮೇಲಿನ ಕೆಟಲ್ಲಿಗಿಂತ ಜೋರಾಗಿರಲಿಲ್ಲ ಆ ದನಿ. ಕಿವಿಗೆ ಅರ್ಧ ಸಿಕ್ಕಿತು, ಅಂಗೈಗೆ ಪೂರ್ತಿ ಸಿಕ್ಕಿತು: ಎಲ್ಲಿ ಏರುತ್ತದೆ, ಎಲ್ಲಿ ನಡುಗುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ. ದಿನವೂ ಅಷ್ಟಷ್ಟೇ ಹಾಡಿದಳು. ಉಳಿದ ಹೊತ್ತು ಮನೆ ಸುಮ್ಮನಿರುತ್ತಿತ್ತು.

"ಅಪಾ, ಆ ಹುಡುಗಿ ಏನಾದ್ಲು? ಜೀರುಂಡೆಯವಳು?"

"ಅದನ್ನ ಓಡಿಸೋಕೆ ಕಿರುಚಿದ್ಲು. ಅದೂ ಕಿರುಚ್ತು. ಆಮೇಲೆ ಸುಸ್ತಾಗಿ ಸುಮ್ಮನಾದ್ಲು."

"ಹೋಯ್ತಾ?"

"ಯಾರಿಗೆ ಗೊತ್ತು. ನಮ್ಮಜ್ಜೀನೂ ಅಲ್ಲಿಗೇ ಎದ್ದು ಹಿಟ್ಟು ನಾದೋಕೆ ಹೋಗ್ತಿದ್ಲು."

ಹುಲ್ಲು ಕೊಯ್ಯುವ ದಿನಗಳಲ್ಲಿ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಪರದೆಯ ಹಿಂದೆ ಅಜ್ಜಿ ಮಲಗಿದ್ದಳು. ಹೊರಗೆ ಗಂಡಸರು ಕೋಲೂರಿ ಗೋಳಿಡತೊಡಗಿದರು. ಒಳಗೆ ಹೆಂಗಸರು ಕಾದರು. ಗೋಡೆಗೆ ಮುಖ ಮಾಡಿ ಕೂತ ಕನಿಷಾಯ್‌ಗೆ ಮೊದಲು ಕೇಳಿಸಿದ್ದು ಜೀರುಂಡೆ. ಅದು ಎಲ್ಲಿಗೂ ಹೋಗಿರಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಪಕ್ಕದೂರಿನವಳನ್ನು ಕರೆಸಬೇಕಿತ್ತು ಎಂದು ಇನ್ಯಾರೋ ಪಿಸುಗುಟ್ಟಿದರು.

ಅವಳು ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ಆ ಕೂಗನ್ನು ಅದರ ಪಾಡಿಗೆ ಬಿಟ್ಟು, ಅದಕ್ಕಿಂತ ಎಷ್ಟೋ ಕೆಳಗೆ, ಮೆಲ್ಲಗೆ ದನಿ ತೆಗೆದಳು.

"ಕುದುರೆಮರಿ ಎಂದು ನನ್ನ ಕರೆದವಳೇ,
ಕಟ್ಟಿದ ಹಗ್ಗ ಬಿಚ್ಚಿ ಎತ್ತ ನಡೆದೆಯೇ..."

ಅಂಗೈಯ ಕೆಳಗೆ ದನಿ ನಡುಗಬೇಕಾದಲ್ಲಿ ನಡುಗಿತು. ಹಿಂದೆ ಒಬ್ಬಳ ಅಳು ಶುರುವಾಯಿತು, ಮತ್ತೊಬ್ಬಳದು ಸೇರಿತು. ಕನಿಷಾಯ್ ತಿರುಗಲಿಲ್ಲ. ಕೊನೆಯ ಸಾಲಿನವರೆಗೂ ಹಾಡಿ ನಿಲ್ಲಿಸಿದಳು. ಗುಡಾರದ ನೆತ್ತಿಯ ಕಿಂಡಿಯಿಂದ ಇಳಿದ ಬಿಸಿಲು ಪರದೆಯ ಅಂಚನ್ನು ಮುಟ್ಟಿತ್ತು.