ನೂರಕ್ಕೆ ಅರವತ್ತೆರಡು

ಬೆಳಿಗ್ಗೆ ಹತ್ತೂ ನಲವತ್ತು. ಜಿಲ್ಲಾ ಪ್ರಬಂಧ ಸ್ಪರ್ಧೆಯಲ್ಲಿ ನೀಲವ್ವ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದಳು. ಅವಳ ಮೇಜಿನ ಮೇಲೆ ನಾನಿದ್ದೆ.

ನಾನು ಒಂದು ಸ್ಟಾಪ್‌ವಾಚು. ಕಾರ್ಖಾನೆಯಲ್ಲಿ ನನ್ನನ್ನು ಓಟಕ್ಕೆಂದೇ ಜೋಡಿಸಿದರು. ಗದಗ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಆಟದ ಮೇಷ್ಟ್ರ ಕೊರಳಲ್ಲಿ ತೂಗಾಡಿದೆ. ನಿವೃತ್ತರಾಗುವಾಗ ಅವರು ನನ್ನನ್ನು ಕನ್ನಡದ ಸುವರ್ಣಾ ಟೀಚರ್ ಕೈಗಿಟ್ಟು, "ಇದರ ಮುಂದ ಓಡಿದವರು ಯಾರೂ ಸೋತಿಲ್ಲ ನೋಡ್ರಿ" ಎಂದರು. ಬಹಳ ಮಂದಿ ಸೋತಿದ್ದರು.

ಹೊಸ ಕೆಲಸ ಬೇರೆಯಾಗಿತ್ತು: ಪ್ರಬಂಧ ಸ್ಪರ್ಧೆಗೆ ಟೀಚರ್ ತಯಾರು ಮಾಡುತ್ತಿದ್ದ ಮಕ್ಕಳ ಬರವಣಿಗೆಗೆ ಹೊತ್ತು ಅಳೆಯುವುದು. ಸ್ಪರ್ಧೆಯಲ್ಲಿ ಒಂದು ವಿಷಯ, ಮೂರು ಆಧಾರ ಬರಹಗಳನ್ನು ಕೊಡುತ್ತಾರೆ. ಅವನ್ನು ಓದಿ, ಅವುಗಳಿಂದಲೇ ಪುರಾವೆ ತೆಗೆದು, ಒಂದು ಗಂಟೆಯೊಳಗೆ ವಾದ ಕಟ್ಟಬೇಕು. ಗೆದ್ದವರಿಗೆ ಪಿಯುಸಿ ಓದು, ಹಾಸ್ಟೆಲು ಉಚಿತ. ಹತ್ತನೆಯ ತರಗತಿ ಸಾಕು ಎಂದು ನೀಲವ್ವನ ಮನೆಯವರು ಹೇಳಿಯಾಗಿತ್ತು.

ಅಭ್ಯಾಸಕ್ಕೆ ಆಧಾರಗಳು ಸಿಗದೆ ಟೀಚರ್ ತಾವೇ ಬರೆದುಕೊಟ್ಟರು. 'ಶಾಲೆಯಲ್ಲಿ ಮೊಬೈಲ್ ಬೇಕೆ?' ಎಂಬ ವಿಷಯದ ಮೂರನೆಯ ಆಧಾರದಲ್ಲಿ, "ಸಮೀಕ್ಷೆಯ ಪ್ರಕಾರ ನೂರಕ್ಕೆ ಅರವತ್ತೆರಡು ಮಕ್ಕಳ ಏಕಾಗ್ರತೆ ತಪ್ಪಿದೆ" ಎಂದು ಬರೆದರು. ಅಂಥ ಸಮೀಕ್ಷೆ ನಡೆದಿರಲಿಲ್ಲ. ಅದನ್ನು ಮಕ್ಕಳಿಗೆ ಹೇಳಲು ಅವರಿಗೆ ತೋಚಲಿಲ್ಲ. "ಲಗೂ ಬರೀರಿ, ಮುಳ್ಳು ನಿಮ್ಮಪ್ಪನ ಮಾತು ಕೇಳೂದಿಲ್ಲ" ಎಂದು ನನ್ನನ್ನು ಎತ್ತಿ ತೋರಿಸುತ್ತಿದ್ದರು.

ಸ್ಪರ್ಧೆಯಲ್ಲಿ ಅದೇ ವಿಷಯ ಬಂತು. ಅಲ್ಲಿ ಕೊಟ್ಟ ಆಧಾರಗಳನ್ನು ನೀಲವ್ವ ತಿರುವಿಯೂ ನೋಡದೆ ನನ್ನ ಗುಂಡಿ ಒತ್ತಿ ಬರೆಯತೊಡಗಿದಳು.

ಉತ್ತರಪತ್ರಿಕೆ ಒಪ್ಪಿಸಿ ಹೊರಬಂದವಳೇ, "ಟೀಚರ್, ಮೂರನೇ ಆಧಾರ ಅಂತ ಅರವತ್ತೆರಡು ಹಾಕೀನ್ರಿ" ಎಂದಳು.

ಟೀಚರ್ ಪ್ರಶ್ನೆಪತ್ರಿಕೆ ಇಸಿದುಕೊಂಡರು. ಮೂರನೆಯ ಆಧಾರ ಒಬ್ಬ ತಾಯಿಯ ಸಂದರ್ಶನ. ಅದರಲ್ಲಿ ಅಂಕಿಯೇ ಇರಲಿಲ್ಲ.

"ಇದರಾಗ ಎಲ್ಲೈತಿ ಅದು?"

"ನೀವೇ ಕೊಟ್ಟಿದ್ರಲ್ರಿ."

"ಅದು ಅಭ್ಯಾಸಕ್ಕಂತ ನಾನೇ ಹುಟ್ಟಿಸಿದ್ದವ್ವಾ."

ಹುಡುಗಿ ಅಳಲಿಲ್ಲ. ಟೀಚರ್ ಮುಖವನ್ನೇ ನೋಡುತ್ತ ನಿಂತಳು. "ಸಮೀಕ್ಷೆ ಅಂತ ಬರದಿದ್ರಲ್ರಿ?"

ಟೀಚರ್ ಅವಳ ಕೈಯಿಂದ ನನ್ನನ್ನು ತೆಗೆದುಕೊಂಡರು. ಒಳಗೆ ಹೋಗಿ ತೀರ್ಪುಗಾರರಿಗೆ, "ತಪ್ಪು ನಂದ್ರಿ, ಹುಡುಗೀದಲ್ಲ" ಎಂದರು.

"ಆಧಾರ ಆಕಿ ಮುಂದ ಇದ್ವಲ್ರಿ, ಟೀಚರ್. ಓದಬೇಕಿತ್ತು" ಎಂದರು ತೀರ್ಪುಗಾರರು. ಪ್ರಬಂಧ ತಿರಸ್ಕೃತವಾಯಿತು.

ಈಗ ನನ್ನ ಗಾಜು ಬಿರಿದಿದೆ, ಗುಂಡಿ ಒತ್ತಿದರೆ ಮೇಲೇಳಲು ತಡವರಿಸುತ್ತದೆ. ಬದುಕಿಡೀ ವೇಗ ಅಳೆದೆ. ನೀಲವ್ವ ಎಷ್ಟು ಬೇಗ ಬರೆದಳೆಂದು ಸೆಕೆಂಡಿನ ಲೆಕ್ಕದಲ್ಲಿ ಹೇಳಬಲ್ಲೆ, ಬರೆದದ್ದು ನಿಜವೇ ಎಂದು ಹೇಳಲಾರೆ. ಟೀಚರ್ ಈಗ ನನ್ನನ್ನು ಮೊದಲು ಓದುವ ಹೊತ್ತು ಅಳೆಯಲು ಒತ್ತುತ್ತಾರೆ. ಅದು ಮುಗಿಯುವವರೆಗೆ ಯಾರೂ ಪೆನ್ನು ಮುಟ್ಟುವಂತಿಲ್ಲ. ತಾವು ಬರೆದ ಆಧಾರದ ನೆತ್ತಿಯ ಮೇಲೆ 'ಇದು ಕಲ್ಪಿತ' ಎಂದು ಬರೆಯುತ್ತಾರೆ.

ನೀಲವ್ವ ಆ ವರ್ಷ ಪಿಯುಸಿಗೆ ಸೇರಲಿಲ್ಲ.