ಲಾಗ್‌ನಲ್ಲಿ ಬಂದ ಹೆಸರು

ವಿಜಯಪುರದ ದಿಲನಾಜಳಿಗೆ ಅಂಧೇರಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಕೊಡಿಸಿದವರು ಧಾರವಾಡದ ಗುರುಬಸವ. ಟೀಮಿಗೆ ಅವರೇ ಲೀಡ್. ಲ್ಯಾಬಿನ ತಪಾಸಣಾ ವರದಿಗಳನ್ನು ರೋಗಿಗಳ ಫೋನಿಗೆ ಕಳಿಸುವ ಪ್ರೋಗ್ರಾಮ್ ಅವರದು. 'ರಿಪೋರ್ಟ್' ಎಂಬ ಮೂಲ ಕ್ಲಾಸನ್ನು, ಅಂದರೆ ಎಲ್ಲ ವರದಿಗಳಿಗೂ ಅಚ್ಚಾಗುವ ಕೋಡಿನ ತುಂಡನ್ನು, ದಿಲನಾಜ ಬರೆದಿದ್ದಳು. ಅದರಿಂದ ಹುಟ್ಟಿದ, ರಕ್ತದ ವರದಿಗಷ್ಟೇ ಮೀಸಲಾದ 'ಬ್ಲಡ್ ರಿಪೋರ್ಟ್' ಕ್ಲಾಸನ್ನು ಗುರುಬಸವ.

ಎಡವಟ್ಟಾದರೆ ಯಾವ ಕ್ಲಾಸಿನಲ್ಲಿ ಆಯಿತೆಂದು, ಪ್ರೋಗ್ರಾಮ್ ತಾನೇ ಬರೆದಿಡುವ ಲಾಗ್‌ನಲ್ಲಿ ದಾಖಲಾಗಬೇಕು. ದಿಲನಾಜ ಅವಸರದಲ್ಲಿ ಅಲ್ಲಿ 'ರಿಪೋರ್ಟ್' ಅಂತ ಕೈಯಾರೆ ಟೈಪ್ ಮಾಡಿಬಿಟ್ಟಿದ್ದಳು. ಹಾಗಾಗಿ ತಪ್ಪು ಯಾರದ್ದಾದರೂ ಬರುತ್ತಿದ್ದದ್ದು ಮೂಲ ಕ್ಲಾಸಿನ ಹೆಸರೇ. ಇದು ತಿಳಿದ ದಿನವೇ ಗುರುಬಸವರ ಬಳಿ ಹೋದಳು.

"ಸರ್, ಹೆಸರು ನಾವು ಬರೀಬಾರದ್ರಿ. ನಿನ್ನ ಕ್ಲಾಸ್ ಯಾವುದು ಅಂತ ಪ್ರೋಗ್ರಾಮ್ ಓಡೂ ಹೊತ್ತಿನ್ಯಾಗ ಆಬ್ಜೆಕ್ಟನ್ನ ಕೇಳಬೇಕು, ಅದ ತನ್ನ ಖರೇ ಹೆಸರು ಹೇಳತೈತ್ರಿ. ಒಂದ ಸಾಲು ಬದಲಿ ಮಾಡ್ತೀನ್ರಿ."

"ನಡದೈತಲ್ಲಾ, ನಡೀಲಿ ಬಿಡವಾ. ರಿಲೀಸ್ ಹತ್ರ ಬಂದೈತಿ, ಮುಟ್ಟಬ್ಯಾಡ."

ಮುಂದಿನ ತಿಂಗಳು ಒಬ್ಬರ ರಕ್ತದ ವರದಿ ಇನ್ನೊಬ್ಬರ ಫೋನಿಗೆ ಹೋಯಿತು. ಥಾಣೆಯ ಹೆಂಗಸೊಬ್ಬಳು ತನಗೆ ರಕ್ತದ ಕ್ಯಾನ್ಸರ್ ಎಂದುಕೊಂಡು ಎರಡು ದಿನ ಅನ್ನ ಬಿಟ್ಟಳು. ಮ್ಯಾನೇಜರ್ ರೂಪಾಲಿ ಲಾಗ್ ತೆರೆದರು. 'ರಿಪೋರ್ಟ್: ರೋಗಿಯ ನಂಬರ್ ತಾಳೆಯಾಗಿಲ್ಲ.'

ಈ ಕ್ಲಾಸ್ ಯಾರದು ಎಂದು ಕೇಳಿದರು. ಗುರುಬಸವ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ದಿಲನಾಜ" ಅಂದರು.

ಆಕೆಯನ್ನು ಕೋಡ್ ಬರೆಯುವ ಕೆಲಸದಿಂದ ತೆಗೆದು ಟೆಸ್ಟಿಂಗ್ ಟೀಮಿಗೆ ಹಾಕಿದರು. ಅದೇ ವಾರ ಆಕೆ ಹೇಳಿದ್ದ ಸಾಲನ್ನು ಗುರುಬಸವ ತಮ್ಮ ಹೆಸರಿನಲ್ಲಿ ಕೋಡಿಗೆ ಸೇರಿಸಿದರು. ದಿಲನಾಜ ಎಡವಟ್ಟಾದ ದಿನದ ಹಳೆಯ ಕೋಡಿಗೆ ಆ ಸಾಲು ಹಾಕಿ, ಅದೇ ವರದಿಯನ್ನು ಮತ್ತೆ ಓಡಿಸಿದಳು. ಲಾಗ್‌ನಲ್ಲಿ 'ಬ್ಲಡ್ ರಿಪೋರ್ಟ್' ಎಂದು ಗುರುಬಸವರ ಕ್ಲಾಸಿನ ಹೆಸರು ಬಂತು.

ಪ್ರಿಂಟ್ ತೆಗೆದು ರೂಪಾಲಿಗೆ ಕೊಟ್ಟಳು. ಅವರು ಓದಿ ಮಡಚಿಟ್ಟರು. ಕ್ಲೈಂಟಿಗೆ ಉತ್ತರ ಹೋಗಿಯಾಗಿದೆ, ಈಗ ತಿದ್ದಿದರೆ ಕಂಪನಿಗೇ ಕೆಟ್ಟ ಹೆಸರು ಅಂದರು.

ಲಿಫ್ಟಿನ ಹತ್ತಿರ ಗುರುಬಸವ ಸಿಕ್ಕರು. "ನೀ ಸಣ್ಣಾಕಿ, ಎಲ್ಲರೆ ಕೆಲಸ ಸಿಗತೈತಿ. ಐವತ್ತಕ್ಕ ಬಂದಾವಂಗ ಯಾರ ಕೊಡ್ತಾರ?"

"ಈಕಿ ಮೊದಲ ಹೇಳಿದ್ಲು ಅಂತರೆ ಹೇಳಬಹುದಿತ್ತಲ್ರಿ, ಸರ್."

ಅವರು ಲಿಫ್ಟಿನ ಗುಂಡಿ ಒತ್ತಿದರು.

ಮೂರು ತಿಂಗಳಿಗೆ ದಾದರ್‌ನ ಕಂಪನಿಯೊಂದರಲ್ಲಿ ಸಂದರ್ಶನ. ಟೆಸ್ಟಿಂಗಿಗೆ ಯಾಕೆ ಹಾಕಿದರು ಎಂದು ಕೇಳಿದಾಗ ದಿಲನಾಜ ನಡೆದದ್ದನ್ನು ನಡೆದಂತೆ ಹೇಳಿದಳು. ಸಂದರ್ಶಕರಲ್ಲೊಬ್ಬ ನಕ್ಕು, ಎಲ್ಲರೂ ತಪ್ಪನ್ನು ಹಳೇ ಲೀಡ್ ಮೇಲೇ ಹಾಕುತ್ತಾರೆ ಎಂದು ಪಕ್ಕದವನಿಗೆ ಹಿಂದಿಯಲ್ಲಿ ಹೇಳಿದ. ಆಮೇಲೆ ಅಲ್ಲಿಂದ ಫೋನ್ ಬರಲಿಲ್ಲ.

ಇನ್ನೊಂದು ಕಡೆಯೂ ಅದೇ ಪ್ರಶ್ನೆ ಬಂತು. ತಪ್ಪು ನನ್ನದೇ, ಅದರಿಂದ ಕಲಿತೆ ಅಂದಳು.

ಕೆಲಸ ಸಿಕ್ಕಿತು.